ನಾರು ಬೆರೆಸಿದ ಮಣ್ಣು: ತರಗತಿಯ ಲೋಟದಿಂದ ಕೆರೆ ಏರಿಯವರೆಗೆ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಘರ್ಷಣೆ’ ಒಂದು ಪಾಠವಾಗಿತ್ತು, ‘ಸಂಶ್ಲೇಷಿತ ಎಳೆಗಳು ಮತ್ತು ಪ್ಲಾಸ್ಟಿಕ್‌ಗಳು’ ಇನ್ನೊಂದು. ಅಭ್ಯಾಸ ಬೋಧನೆಯ ಅವಧಿಯಲ್ಲಿ ಈ ಎರಡೂ ಪಾಠಗಳು ಒಂದೇ ತರಗತಿಗೆ ನನ್ನ ಪಾಲಿಗೆ ಬಂದವು. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಇವುಗಳನ್ನು ಜೋಡಿಸುವ ವಿಷಯವೊಂದು ಸಿವಿಲ್ ಎಂಜಿನಿಯರಿಂಗ್‌ನಲ್ಲಿದೆ. ಮಣ್ಣಿಗೆ ಸಣ್ಣ ಸಣ್ಣ ನಾರಿನ ತುಂಡುಗಳನ್ನು ಬೆರೆಸಿ, ದಮ್ಮಸ್ಸು ಮಾಡಿ, ಅದರಿಂದ ರಸ್ತೆಯ ತಳವನ್ನೋ ಏರಿಯನ್ನೋ ಕಟ್ಟುವ ವಿಧಾನ ಅದು. ನಾನು ಪಾಠ ಮಾಡಿದ ಶಾಲೆ ತಿಪಟೂರು ಸೀಮೆಯದು. ಶಾಲೆಯ ಒಂದು ಮಗ್ಗುಲಿಗೆ ತೆಂಗಿನ ತೋಟ, ಇನ್ನೊಂದು ಮಗ್ಗುಲಿಗೆ ಕೆರೆ. ನಾರಿಗೂ ಬರವಿಲ್ಲ, ಏರಿಗೂ ಬರವಿಲ್ಲ. ಆದ್ದರಿಂದ ಉದಾಹರಣೆಯನ್ನು ಹುಡುಕಿಕೊಂಡು ಹೋಗುವ ಕಷ್ಟ ನನಗಿರಲಿಲ್ಲ.

ಈ ಲೇಖನದಲ್ಲಿ ಮೊದಲು ನಾರು ಮಣ್ಣಿಗೆ ಹೇಗೆ ಬಲ ಕೊಡುತ್ತದೆ ಎಂಬುದನ್ನು ವಿವರಿಸಿ, ಬಳಿಕ ಹೆಚ್ಚಿನ ಜಾಗವನ್ನು ಇನ್ನೊಂದು ಪ್ರಶ್ನೆಗೆ ಕೊಟ್ಟಿದ್ದೇನೆ: ಪ್ರಯೋಗಾಲಯದಲ್ಲಿ ಗೆದ್ದ ಮಣ್ಣನ್ನು ಬಯಲಿನಲ್ಲಿ ಮತ್ತೆ ಏಕೆ ಪರೀಕ್ಷಿಸಬೇಕು? ಬೋಧನೆಯ ದೃಷ್ಟಿಯಿಂದ ನನಗೆ ಇದೇ ಮುಖ್ಯವೆನಿಸಿದೆ.

ನಾರು ಮಾಡುವ ಕೆಲಸ

ಒಣ ಮರಳನ್ನು ನೆಲಕ್ಕೆ ಸುರಿದರೆ ಅದು ರಾಶಿಯಾಗಿ ನಿಲ್ಲುತ್ತದೆ. ಎಷ್ಟು ಸುರಿದರೂ ರಾಶಿಯ ಇಳಿಜಾರು ಒಂದು ಮಿತಿಗಿಂತ ಕಡಿದಾಗುವುದಿಲ್ಲ. ಕಣ ಕಣಗಳ ನಡುವಿನ ಘರ್ಷಣೆ ಅಷ್ಟನ್ನು ಮಾತ್ರ ತಡೆಯಬಲ್ಲದು. ಜೇಡಿ ಇರುವ ಮಣ್ಣಿನಲ್ಲಿ ಘರ್ಷಣೆಯ ಜೊತೆಗೆ ಅಂಟೂ ಇರುತ್ತದೆ. ಯಾವ ಮಣ್ಣೇ ಆಗಲಿ, ಒತ್ತಿದರೆ ಸಾಕಷ್ಟು ತಾಳಿಕೊಳ್ಳುತ್ತದೆ, ಎಳೆದರೆ ಬಿರಿಯುತ್ತದೆ. ಏರಿಯೊಂದು ಕುಸಿಯುವಾಗ ಮಣ್ಣಿನ ಕಣಗಳು ಒಂದೊಂದಾಗಿ ಪುಡಿಯಾಗುವುದಿಲ್ಲ. ಒಳಗೆಲ್ಲೋ ಒಂದು ಜಾರು ಮೇಲ್ಮೈ ಹುಟ್ಟಿಕೊಂಡು, ಅದರ ಮೇಲಿನ ಮಣ್ಣು ಇಡಿಯಾಗಿ ಕೆಳಕ್ಕೆ ಸರಿಯುತ್ತದೆ.

ಈಗ ಆ ಜಾರು ಮೇಲ್ಮೈಯನ್ನು ಅಡ್ಡ ಹಾದು ನಾರುಗಳಿವೆ ಎಂದುಕೊಳ್ಳೋಣ. ಪ್ರತಿ ನಾರಿನ ಅರ್ಧ ಭಾಗ ಸರಿಯುವ ಮಣ್ಣಿನಲ್ಲಿ, ಇನ್ನರ್ಧ ನಿಂತ ಮಣ್ಣಿನಲ್ಲಿ. ಮಣ್ಣು ಸರಿಯತೊಡಗಿದ ಕೂಡಲೇ ನಾರು ಬಿಗಿಯುತ್ತದೆ. ಅದನ್ನು ಎರಡೂ ಕಡೆ ಹಿಡಿದಿರುವುದು ಮತ್ತೆ ಘರ್ಷಣೆಯೇ. ಬಿಗಿದ ನಾರು ಎರಡು ಕೆಲಸ ಮಾಡುತ್ತದೆ. ಸರಿಯುವ ಮಣ್ಣನ್ನು ಹಿಂದಕ್ಕೆ ಎಳೆಯುವುದು ಒಂದು. ಎರಡು ಮೇಲ್ಮೈಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು ಇನ್ನೊಂದು. ಒತ್ತಡ ಹೆಚ್ಚಿದಂತೆ ಘರ್ಷಣೆ ಹೆಚ್ಚುತ್ತದೆ ಎಂಬುದು ಪಾಠಪುಸ್ತಕದಲ್ಲೇ ಇದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡೊನಾಲ್ಡ್ ಗ್ರೇ ಮತ್ತು ಒಹಾಶಿ 1983ರಲ್ಲಿ ಒಣ ಮರಳಿನೊಳಗೆ ನಾರುಗಳನ್ನೂ ಲೋಹದ ತಂತಿಗಳನ್ನೂ ನೆಟ್ಟು, ಮರಳನ್ನು ಪೆಟ್ಟಿಗೆಯಲ್ಲಿ ಅಡ್ಡಡ್ಡ ಜಾರಿಸಿ ಈ ಲೆಕ್ಕವನ್ನು ಪರೀಕ್ಷಿಸಿದರು. ಜಾರು ಮೇಲ್ಮೈಗೆ ಸುಮಾರು 60 ಡಿಗ್ರಿ ಓರೆಯಾಗಿ ನಿಂತ ನಾರು ಹೆಚ್ಚು ಬಲ ಕೊಟ್ಟಿತು. ಗ್ರೇ ಅವರಿಗೆ ಇಳಿಜಾರುಗಳ ಗಿಡಮರಗಳ ಬೇರಿನ ಮೇಲೂ ಆಸಕ್ತಿ ಇತ್ತು. ಬೇರೂ ನಾರೇ ತಾನೆ.

ಅವರ ಹಾಗೂ ಅವರ ನಂತರದವರ ಕೆಲಸದಿಂದ ತಿಳಿದುಬಂದ ಇನ್ನೊಂದು ಸಂಗತಿ ಮುಂದೆ ನಮಗೆ ಬೇಕಾಗುತ್ತದೆ. ಸುತ್ತಲಿನ ಒತ್ತಡ ಕಡಿಮೆ ಇರುವಲ್ಲಿ ನಾರು ಮಣ್ಣಿನಿಂದ ಕಿತ್ತು ಜಾರುತ್ತದೆ. ಒತ್ತಡ ಒಂದು ಮಟ್ಟ ದಾಟಿದ ಮೇಲೆ ಜಾರುವುದಿಲ್ಲ, ಹಿಗ್ಗುತ್ತದೆ ಅಥವಾ ತುಂಡಾಗುತ್ತದೆ. ಆದ್ದರಿಂದ ನಾರು ಎಷ್ಟು ಗಟ್ಟಿ ಎಂಬುದು ಎಲ್ಲ ಕಡೆಯೂ ಮುಖ್ಯವಲ್ಲ. ಅನೇಕ ಕಡೆ ಅದರ ಉದ್ದ, ದಪ್ಪ ಮತ್ತು ಒರಟುತನವೇ ಮುಖ್ಯ. ತೆಂಗಿನ ನಾರು ಒರಟು, ಪಾಲಿಪ್ರೊಪಿಲೀನ್ ಎಳೆ ನುಣುಪು.

ಮಣ್ಣಿಗೆ ಬಲ ತುಂಬುವ ಬೇರೆ ವಿಧಾನಗಳೊಂದಿಗೆ ಇದನ್ನು ಬೆರೆಸಬಾರದು. ಫ್ರಾನ್ಸಿನ ಆಂರಿ ವಿದಾಲ್ 1960ರ ದಶಕದಲ್ಲಿ ಜಾರಿಗೆ ತಂದ ವಿಧಾನದಲ್ಲಿ ಲೋಹದ ಪಟ್ಟಿಗಳನ್ನು ಮಣ್ಣಿನ ಪದರಗಳ ನಡುವೆ ಹಾಸುತ್ತಾರೆ. ತೆಂಗಿನ ನಾರಿನಿಂದ ನೇಯ್ದ ಚಾಪೆಯನ್ನು ಗ್ರಾಮೀಣ ರಸ್ತೆಗಳ ಕೆಳಗೆ ಹಾಸುವುದೂ ಅದೇ ಜಾತಿಯದು. ಅಲ್ಲಿ ಬಲ ಇರುವ ಜಾಗ ಗೊತ್ತು, ದಿಕ್ಕು ಗೊತ್ತು. ಬಿಡಿ ನಾರಿನ ಮಣ್ಣಿನಲ್ಲಿ ನಾರು ಎಲ್ಲ ದಿಕ್ಕಿಗೂ ಚೆಲ್ಲಿಕೊಂಡಿರುತ್ತದೆ. ಎರಡು ಪದರಗಳ ನಡುವಿನ ದುರ್ಬಲ ಗೆರೆ ಇಲ್ಲಿ ಇರುವುದಿಲ್ಲ. ಅನುಕೂಲ ಇದು. ತೊಂದರೆಯೂ ಇದರಿಂದಲೇ ಹುಟ್ಟುತ್ತದೆ, ಅದನ್ನು ಮುಂದೆ ನೋಡೋಣ.

ಎರಡು ಲೋಟಗಳ ಪ್ರಯೋಗ

ತರಗತಿಗೆ ಬೇಕಾದ ಸಾಮಗ್ರಿ: ಎರಡು ಕಾಗದದ ಲೋಟ, ಒದ್ದೆ ಮಾಡಿದ ಎಂ-ಸ್ಯಾಂಡ್, ಎರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದ ಒಂದು ಚಿಟಿಕೆ ತೆಂಗಿನ ನಾರು, ಒಂದು ರಟ್ಟು, ಕೆಲವು ನೋಟ್‌ಪುಸ್ತಕಗಳು. ಒಂದು ಲೋಟಕ್ಕೆ ಬರಿ ಮರಳು, ಇನ್ನೊಂದಕ್ಕೆ ನಾರು ಬೆರೆಸಿದ ಮರಳು. ಎರಡನ್ನೂ ಮೂರು ಪದರಗಳಲ್ಲಿ ತುಂಬಿ ಪ್ರತಿ ಪದರಕ್ಕೂ ಅಷ್ಟೇ ಸಲ ಕುಟ್ಟಬೇಕು. ಆಮೇಲೆ ಮಗುಚಿ ಲೋಟ ಎತ್ತಿ, ಮೇಲೆ ರಟ್ಟು ಇಟ್ಟು, ಒಂದೊಂದೇ ಪುಸ್ತಕ ಪೇರಿಸುತ್ತ ಹೋಗಬೇಕು.

ಮಕ್ಕಳಿಗೆ ‘ಯಾವುದು ಹೆಚ್ಚು ಪುಸ್ತಕ ಹೊತ್ತಿತು’ ಎಂಬುದನ್ನಷ್ಟೇ ಬರೆಸಿ ಬಿಟ್ಟರೆ ಪ್ರಯೋಗದ ಅರ್ಧ ನಷ್ಟವಾಗುತ್ತದೆ. ಬರಿ ಮರಳಿನ ಗೋಪುರ ಒಮ್ಮೆಲೇ ಓರೆಯಾಗಿ ಕುಸಿಯಿತು. ನಾರಿನ ಗೋಪುರ ಹೆಚ್ಚು ಪುಸ್ತಕಗಳನ್ನು ಹೊತ್ತಿದ್ದಲ್ಲದೆ, ಕುಸಿಯುವ ಮುಂಚೆ ನಡು ಉಬ್ಬಿ, ಮೈಮೇಲೆ ಸಣ್ಣ ಬಿರುಕುಗಳನ್ನು ತೋರಿಸಿತು. ಬಿರುಕಿನೊಳಗೆ ನಾರುಗಳು ಸೇತುವೆಯಂತೆ ಚಾಚಿಕೊಂಡಿದ್ದವು. ಹೇಳದೆ ಕುಸಿಯುವುದಕ್ಕೂ ಹೇಳಿ ಕುಸಿಯುವುದಕ್ಕೂ ಇರುವ ಈ ವ್ಯತ್ಯಾಸ ಏರಿಯ ಮಟ್ಟಿಗೆ ಬಲದಷ್ಟೇ ಬೆಲೆಯುಳ್ಳದ್ದು. ಮುನ್ಸೂಚನೆ ಸಿಕ್ಕರೆ ಕೆಳಗಿನ ಜನ ಏಳಲು ಸಮಯವಿರುತ್ತದೆ.

ಆ ದಿನದ ವೀಕ್ಷಣಾ ನಮೂನೆಯಲ್ಲಿ ಪ್ರಾತ್ಯಕ್ಷಿಕೆಯ ಅಂಕಣಕ್ಕೆ ಒಳ್ಳೆಯ ಅಂಕಗಳೇ ಬಿದ್ದವು. ಕಪ್ಪುಹಲಗೆಯ ಸಾರಾಂಶ ಬರೆಯುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಮಿಸ್, ಲೋಟದಲ್ಲಿ ನಿಂತ್ಕೊಂತು. ನಮ್ಮ ಕೆರೆ ಏರಿಗೆ ಹಾಕಿದ್ರೆ ನಿಲ್ತದಾ? ನಮ್ಮ ಗದ್ದೆ ಏರಿ ಕೆಳಗೇ ಐತೆ.”

ಮರುದಿನ ಅವನು ಇನ್ನೊಂದು ಮಾತನ್ನೂ ತಂದ. ಅವನ ತಾತ ಬಹಳ ವರ್ಷ ಆ ಕೆರೆಯ ನೀರಗಂಟಿಯಾಗಿದ್ದವರು. ಮೊಮ್ಮಗ ಮನೆಯಲ್ಲಿ ಪಾಠ ಒಪ್ಪಿಸಿದ್ದನ್ನು ಕೇಳಿ ಅವರು ಹೇಳಿ ಕಳಿಸಿದ್ದರು: “ನಿಮ್ಮ ಮೇಡಮ್ಮೋರಿಗೆ ಹೇಳು, ಏರಿಗೆ ಕಸ ಕಡ್ಡಿ ಸೇರಿಸಬಾರದು. ಕೊಳೆತ ಮೇಲೆ ನೀರು ಅಲ್ಲೇ ದಾರಿ ಮಾಡ್ಕೊಳ್ತದೆ.”

ಹಳ್ಳಿಯ ಹಿರಿಯರ ಮಾತು ಎಂದು ಗೌರವದಿಂದ ಕೇಳಿ ಪಕ್ಕಕ್ಕಿಡುವ ಮಾತಲ್ಲ ಇದು. ಮಣ್ಣಿನ ಏರಿ ಕಟ್ಟುವ ಎಲ್ಲ ನಿಯಮಗಳೂ ಇದನ್ನೇ ಹೇಳುತ್ತವೆ. ಬೇರು, ಬುಡ, ಹುಲ್ಲು, ಕೊಳೆಯುವ ಯಾವುದೇ ಪದಾರ್ಥ ತುಂಬು ಮಣ್ಣಿನಲ್ಲಿ ಇರಕೂಡದು. ಬೇರು ಕೊಳೆತು ಉಳಿದ ಕೊಳವೆಯಂಥ ಜಾಗದಲ್ಲಿ ನೀರು ನುಗ್ಗಿ, ಮಣ್ಣನ್ನು ಒಳಗಿಂದೊಳಗೇ ಕೊರೆದು, ಏರಿ ಒಡೆಯುವುದು ಎಲ್ಲರಿಗೂ ಗೊತ್ತಿರುವ ಅಪಾಯ. ಹಾಗಾದರೆ ತೆಂಗಿನ ನಾರು ಕಸವೋ ಕಬ್ಬಿಣವೋ? ಹುಡುಗನ ಪ್ರಶ್ನೆಗಾಗಲಿ ತಾತನ ಆಕ್ಷೇಪಕ್ಕಾಗಲಿ ಲೋಟದ ಬಳಿ ಉತ್ತರವಿರಲಿಲ್ಲ. ಅಂಥ ಪ್ರಶ್ನೆಗಳಿಗೆ ಕ್ಷೇತ್ರ ಪರೀಕ್ಷೆ ಬೇಕು.

ಲೋಟ ಕೇಳದ ಪ್ರಶ್ನೆಗಳು

ಮೊದಲನೆಯದು ಬೆರೆಸುವ ಪ್ರಶ್ನೆ. ಲೋಟದಷ್ಟು ಮರಳಿಗೆ ನಾರನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಸೇರಿಸಬಹುದು. ಒಂದು ಘನ ಮೀಟರ್ ಮಣ್ಣಿಗೆ? ತರಗತಿಯಲ್ಲಿ ಈ ಲೆಕ್ಕ ಮಾಡಿಸಿದೆ. ದಮ್ಮಸ್ಸಾದ ಮಣ್ಣು ಘನ ಮೀಟರಿಗೆ ಸುಮಾರು 1,800 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳಿ. ತೂಕದ ಶೇ. 1ರಷ್ಟು ನಾರು ಎಂದರೆ 18 ಕೆ.ಜಿ. ಒಂದು ನಾರಿನ ತುಂಡು 50 ಮಿ.ಮೀ. ಉದ್ದ, ಕಾಲು ಮಿ.ಮೀ. ದಪ್ಪ ಎಂದರೆ ಅದರ ತೂಕ ಹೆಚ್ಚೂಕಡಿಮೆ 3 ಮಿಲಿಗ್ರಾಂ. ಅಂದರೆ ಒಂದು ಘನ ಮೀಟರ್ ಮಣ್ಣಿನಲ್ಲಿ 60 ಲಕ್ಷ ತುಂಡುಗಳು ಒಂದನ್ನೊಂದು ತಬ್ಬಿಕೊಳ್ಳದೆ ಬಿಡಿ ಬಿಡಿಯಾಗಿ ಕೂರಬೇಕು. ಲೆಕ್ಕ ಮುಗಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು.

ಬಯಲಿನಲ್ಲಿ ಇದನ್ನು ಮಾಡುವುದು ರೋಟವೇಟರಿನಂಥ, ತಿರುಗುವ ಹಲ್ಲುಗಳ ಯಂತ್ರ. ಮಣ್ಣು ತೀರ ಒಣಗಿದ್ದರೆ ಹಗುರವಾದ ನಾರು ಮೇಲೆ ಉಳಿಯುತ್ತದೆ, ಗಾಳಿಗೆ ಹಾರುತ್ತದೆ. ತೀರ ಒದ್ದೆಯಿದ್ದರೆ ಜೇಡಿ ಉಂಡೆಗಟ್ಟಿ ನಾರು ಉಂಡೆಯ ಹೊರಗೇ ಸುತ್ತಿಕೊಳ್ಳುತ್ತದೆ. ಪಾಲಿಪ್ರೊಪಿಲೀನಿನ ಸಾಂದ್ರತೆ ಘನ ಸೆಂ.ಮೀ.ಗೆ 0.91 ಗ್ರಾಂ, ನೀರಿಗಿಂತ ಕಡಿಮೆ. ಹಾಗಾಗಿ ಮೊದಲು ಮಣ್ಣನ್ನು ಹದಕ್ಕೆ ತೇವ ಮಾಡಿ ಆಮೇಲೆ ನಾರು ಸೇರಿಸುವುದು ರೂಢಿ. ನಾರು ಮುದ್ದೆಯಾಗಿ ಉಳಿದ ಜಾಗ ಬಲ ಕೊಡುವುದು ಹಾಗಿರಲಿ, ಅಲ್ಲಿ ಮಣ್ಣೇ ಇಲ್ಲದಂತಾಗಿ ಏರಿ ಇನ್ನಷ್ಟು ದುರ್ಬಲವಾಗುತ್ತದೆ. ಯಾವ ದಿಕ್ಕೂ ಇಲ್ಲದ ನಾರಿನ ತೊಂದರೆ ಎಂದು ಮೇಲೆ ಹೇಳಿದ್ದು ಇದನ್ನೇ. ಲೋಹದ ಪಟ್ಟಿ ಎಲ್ಲಿದೆ ಎಂದು ಮೇಸ್ತ್ರಿ ಕಣ್ಣಲ್ಲೇ ನೋಡಬಲ್ಲ. 60 ಲಕ್ಷ ನಾರು ಸರಿಯಾಗಿ ಹರಡಿದೆಯೇ ಎಂದು ನೋಡಲು ಅಲ್ಲಲ್ಲಿ ಮಾದರಿ ತೆಗೆದು, ತೊಳೆದು, ನಾರನ್ನು ಒಣಗಿಸಿ ತೂಗಬೇಕು.

ಎರಡನೆಯದು ದಮ್ಮಸ್ಸಿನ ಪ್ರಶ್ನೆ. ಅಮೆರಿಕದ ಲಾಸ್ ಏಂಜಲಿಸ್‌ನ ನೀರು ಸರಬರಾಜು ವಿಭಾಗದಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಆರ್.ಆರ್. ಪ್ರಾಕ್ಟರ್ 1933ರಲ್ಲಿ ತೋರಿಸಿಕೊಟ್ಟ ಸಂಗತಿ ಇಂದಿಗೂ ಮಣ್ಣಿನ ಕೆಲಸದ ಮೂಲಪಾಠ. ಅಷ್ಟೇ ಪೆಟ್ಟು ಕೊಟ್ಟರೂ ಮಣ್ಣು ಒಂದು ನಿರ್ದಿಷ್ಟ ತೇವಾಂಶದಲ್ಲಿ ಮಾತ್ರ ಅತಿ ಹೆಚ್ಚು ಒತ್ತಾಗುತ್ತದೆ. ಅದಕ್ಕಿಂತ ಒಣಗಿದ್ದರೂ ಸರಿಯಿಲ್ಲ, ಒದ್ದೆಯಿದ್ದರೂ ಸರಿಯಿಲ್ಲ. ನಮ್ಮ ದೇಶದ ಮಾನಕದ ಹಗುರ ದಮ್ಮಸ್ಸು ಪರೀಕ್ಷೆಯಲ್ಲಿ 1,000 ಘನ ಸೆಂ.ಮೀ. ಅಚ್ಚಿನಲ್ಲಿ ಮೂರು ಪದರ ಮಣ್ಣು ಹಾಕಿ, 2.6 ಕೆ.ಜಿ. ತೂಕವನ್ನು 310 ಮಿ.ಮೀ. ಎತ್ತರದಿಂದ ಪ್ರತಿ ಪದರಕ್ಕೆ 25 ಸಲ ಬೀಳಿಸುತ್ತಾರೆ. ಹೆದ್ದಾರಿಗಳ ಏರಿಗೆ ಇದಕ್ಕಿಂತ ಭಾರಿ ಪರೀಕ್ಷೆಯ ಗರಿಷ್ಠ ಒಣ ಸಾಂದ್ರತೆಯ ಕನಿಷ್ಠ ಶೇ. 95ರಷ್ಟು ಬಯಲಿನಲ್ಲಿ ಸಿಗಬೇಕು ಎಂಬ ನಿಯಮವಿದೆ. ನಾರು ಸೇರಿದ ಮಣ್ಣು ರೋಲರಿನ ಕೆಳಗೆ ಸ್ವಲ್ಪ ಸ್ಪ್ರಿಂಗಿನಂತೆ ವರ್ತಿಸುತ್ತದೆ. ನಾರೂ ಮಣ್ಣಿಗಿಂತ ಹಗುರ. ಸಾಮಾನ್ಯವಾಗಿ ಸಾಂದ್ರತೆ ತುಸು ಇಳಿಯುತ್ತದೆ. ಆಗ ಬರುವ ಸಂದೇಹ ಸೂಕ್ಷ್ಮವಾದದ್ದು: ನಾರಿನಿಂದ ಬಂದ ಲಾಭವನ್ನು ದಮ್ಮಸ್ಸಿನಲ್ಲಾದ ನಷ್ಟ ನುಂಗಿತೇ?

ಮೂರನೆಯದು ಹೋಲಿಕೆಯ ಪ್ರಶ್ನೆ. ನಾರಿನ ಮಣ್ಣನ್ನು ಯಂತ್ರ ಹಾಯಿಸಿ ಹತ್ತು ಸಲ ಮಗುಚಿರುತ್ತೇವೆ, ತೇವವನ್ನು ಹದವಾಗಿ ಹರಡಿರುತ್ತೇವೆ. ಪಕ್ಕದ ಬರಿ ಮಣ್ಣನ್ನು ಲಾರಿಯಿಂದ ಸುರಿದು ರೋಲರ್ ಹಾಯಿಸಿರುತ್ತೇವೆ. ನಾರಿನ ಭಾಗ ಗೆದ್ದರೆ ಗೆದ್ದದ್ದು ನಾರೋ, ಮಗುಚುವಿಕೆಯೋ? ಒಳ್ಳೆಯ ಕ್ಷೇತ್ರ ಪರೀಕ್ಷೆಯಲ್ಲಿ ನಾರಿಲ್ಲದ ಭಾಗವನ್ನೂ ಅದೇ ಯಂತ್ರದಿಂದ, ಅಷ್ಟೇ ಸಲ, ಅದೇ ತೇವದಲ್ಲಿ ಮಗುಚಬೇಕು. ‘ಒಂದನ್ನು ಮಾತ್ರ ಬದಲಿಸು, ಉಳಿದದ್ದನ್ನು ಹಾಗೇ ಇಡು’ ಎಂದು ನಾವು ಸರಳ ಲೋಲಕದ ಪ್ರಯೋಗದಲ್ಲಿ ಬಾಯಿಪಾಠ ಮಾಡಿಸುವ ನಿಯಮಕ್ಕೆ ಟನ್ನುಗಟ್ಟಲೆ ಮಣ್ಣಿನಲ್ಲಿ ಇಷ್ಟು ಖರ್ಚಿದೆ.

ವಿಕ್ಸ್‌ಬರ್ಗ್‌ನ ಮರಳು ಪಟ್ಟಿ

ಪೂರ್ಣ ಪ್ರಮಾಣದಲ್ಲಿ ನಡೆದ ಪರೀಕ್ಷೆಗೆ ನಾನು ತರಗತಿಯಲ್ಲಿ ಕೊಟ್ಟ ಉದಾಹರಣೆ ಅಮೆರಿಕದ ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿರುವ ಸೈನ್ಯದ ಎಂಜಿನಿಯರುಗಳ ಸಂಶೋಧನಾ ಕೇಂದ್ರದ್ದು. ಅಲ್ಲಿನ ಸಾಂಟೋನಿ ಮತ್ತು ವೆಬ್‌ಸ್ಟರ್ 2001ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಅವು. ಮರಳು ನೆಲದಲ್ಲಿ ವಿಮಾನ ಇಳಿಯುವ ದಾರಿಯನ್ನೂ ಲಾರಿ ಓಡುವ ದಾರಿಯನ್ನೂ ಬೇಗ ಸಿದ್ಧಮಾಡುವುದು ಉದ್ದೇಶ. ಪ್ರಯೋಗಾಲಯದಲ್ಲಿ 51 ಮಿ.ಮೀ. ಉದ್ದದ ಪಾಲಿಪ್ರೊಪಿಲೀನ್ ಎಳೆಯನ್ನು ಒಣ ತೂಕದ ಶೇ. 1ರಷ್ಟು ಬೆರೆಸಿದಾಗ ಆ ಮರಳಿಗೆ ಒಳ್ಳೆಯ ಬಲ ಬಂದಿತ್ತು.

ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಬಯಲಿನಲ್ಲಿ ಪಟ್ಟಿಗಳನ್ನು ಕಟ್ಟಿ, ಸಿ-130 ಸರಕು ವಿಮಾನದ ಚಕ್ರವನ್ನು ಅನುಕರಿಸುವ ಗಾಲಿಯನ್ನು ಅದರ ಮೇಲೆ ಓಡಿಸಿದರು. ಒಂದು ಗಾಲಿಯ ಮೇಲೆ 13,608 ಕೆ.ಜಿ. ಭಾರ. 1,000ಕ್ಕೂ ಹೆಚ್ಚು ಸಲ ಓಡಿಸಿದ ಮೇಲೂ ಗಾಲಿಯ ಜಾಡು 51 ಮಿ.ಮೀ.ಗಿಂತ ಆಳವಾಗಲಿಲ್ಲ. ಗಮನಿಸಿ, ಇಲ್ಲಿ ಅಳೆದದ್ದು ಲೋಟದ ಗೋಪುರ ಎಷ್ಟು ಪುಸ್ತಕ ಹೊತ್ತಿತು ಎಂಬಂಥ ಒಂದು ಸಲದ ಬಲವನ್ನಲ್ಲ. ಮತ್ತೆ ಮತ್ತೆ ಬರುವ ಭಾರಕ್ಕೆ ನೆಲ ಎಷ್ಟು ಇಳಿಯಿತು ಎಂಬುದನ್ನು. ಬಳಸುವವನಿಗೆ ಬೇಕಾದ ಅಳತೆ ಅದೇ.

ಪ್ರಯೋಗಾಲಯದ ಅಚ್ಚು ಕೇಳದಿದ್ದ ಇನ್ನೊಂದು ಅಂಶವೂ ಈ ಪರೀಕ್ಷೆಯಲ್ಲಿದೆ. ಮೇಲಿನ 102 ಮಿ.ಮೀ.ಗೆ ಮರದ ರಾಳವನ್ನು ಸೇರಿಸಿ ಸವೆತ ತಡೆಯುವ ಮೇಲ್ಪದರ ಮಾಡಿದ್ದರು. ಮೇಲ್ಮೈಯಲ್ಲಿ ಸುತ್ತಲಿನ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ, ನಾರನ್ನು ಹಿಡಿಯುವ ಘರ್ಷಣೆಯೂ ಕಡಿಮೆ. ನಾರು ಹಿಡಿದಿಡಲಾರದ ಕಡೆ ಅಂಟು ಬೇಕಾಗುತ್ತದೆ. ಸಿದ್ಧಾಂತದ ಮಾತು ಇಲ್ಲಿ ಗಾಲಿಯ ಕೆಳಗೆ ಬಂದು ನಿಂತಿತು.

ಆದರೂ ಇದು ಮರಳು ನೆಲದ ಪಟ್ಟಿ. ನೀರು ಹಿಡಿದು ನಿಲ್ಲುವ ಏರಿಯಲ್ಲ. ಹುಡುಗನ ಗದ್ದೆಗೆ ವಿಮಾನದ ಚಕ್ರದಿಂದ ಅಪಾಯವಿಲ್ಲ.

ಏರಿಯ ಲೆಕ್ಕವೇ ಬೇರೆ

ಏರಿ ಸೋಲುವ ಬಗೆಗಳು ಹಲವು. ಮಳೆಯಲ್ಲಿ ನೆನೆದು ಇಳಿಜಾರಿನ ಮೇಲ್ಪದರ ಜಾರುವುದು ಒಂದು. ನಾರು ಚೆನ್ನಾಗಿ ನೆರವಾಗುವುದು ಇಲ್ಲಿ. ಜಾರು ಮೇಲ್ಮೈ ಆಳದಲ್ಲಿಲ್ಲದ ಕಾರಣ ಏರಿಯ ಇಡೀ ಮೈಗೆ ನಾರು ಬೆರೆಸಬೇಕಾಗಿಲ್ಲ. ಮೂರು ಮೀಟರ್ ಎತ್ತರ, ತಲೆಯಲ್ಲಿ ಮೂರು ಮೀಟರ್ ಅಗಲ, ಒಂದಕ್ಕೆ ಎರಡರ ಇಳಿಜಾರು ಇರುವ ಏರಿಯ ನೂರು ಮೀಟರ್ ಉದ್ದದಲ್ಲಿ 2,700 ಘನ ಮೀಟರ್ ಮಣ್ಣಿರುತ್ತದೆ. ಶೇ. 1ರಂತೆ ಎಲ್ಲಕ್ಕೂ ನಾರು ಬೆರೆಸಿದರೆ ಸುಮಾರು 49 ಟನ್. ಎರಡು ಇಳಿಜಾರುಗಳ ಹೊರಗಿನ ಒಂದು ಮೀಟರ್ ಪದರಕ್ಕೆ ಮಾತ್ರ, ಅದೂ ಶೇ. 0.3ರಂತೆ ಬೆರೆಸಿದರೆ ಏಳು ಟನ್ನಿನ ಆಸುಪಾಸು. ತ್ರಾಪಿಜ್ಯದ ವಿಸ್ತೀರ್ಣ, ಪೈಥಾಗೊರಸ್ ಪ್ರಮೇಯ, ಶೇಕಡಾವಾರು, ಈ ಮೂರನ್ನೂ ಒಂದೇ ಲೆಕ್ಕದಲ್ಲಿ ಬಯಸುವ ಗಣಿತ ಪ್ರಶಿಕ್ಷಣಾರ್ಥಿಗಳು ಇದನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಬೇಸಿಗೆಯಲ್ಲಿ ಬಿರಿಯುವುದು ಇನ್ನೊಂದು ಬಗೆ. ಎರೆ ಮಣ್ಣಿನ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಣಗಿದ ಜೇಡಿಯ ಬಿರುಕನ್ನು ನಾರು ಪೂರ್ತಿ ತಡೆಯದಿದ್ದರೂ ದೊಡ್ಡ ಬಿರುಕುಗಳ ಬದಲು ಸಣ್ಣ ಸಣ್ಣವಾಗಿ ಒಡೆಯುವಂತೆ ಮಾಡುತ್ತದೆ. ಮೊದಲ ಮಳೆಯ ನೀರು ಒಮ್ಮೆಲೇ ಆಳಕ್ಕೆ ಇಳಿಯುವುದು ಆಗ ಕಡಿಮೆಯಾಗುತ್ತದೆ.

ತಾತ ಹೇಳಿದ್ದು ಮೂರನೆಯ ಬಗೆ: ನೀರು ಒಳಗೆ ದಾರಿ ಮಾಡಿಕೊಳ್ಳುವುದು. ಇಲ್ಲಿ ನಮ್ಮ ರಾಜ್ಯದ್ದೇ ಒಂದು ಕೆಲಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಲ್. ಶಿವಕುಮಾರ್ ಬಾಬು ಮತ್ತು ಎ.ಕೆ. ವಾಸುದೇವನ್ 2008ರಲ್ಲಿ ತೆಂಗಿನ ನಾರು ಬೆರೆಸಿದ ಮಣ್ಣಿನ ಮೂಲಕ ನೀರು ಹಾಯಿಸಿ ನೋಡಿದ ಫಲಿತಾಂಶ ಪ್ರಕಟಿಸಿದರು. ನಾರಿನಿಂದ ನೀರು ಒಸರುವ ವೇಗ ಇಳಿಯಿತು, ಮಣ್ಣು ಕೊರೆದುಹೋಗುವುದಕ್ಕೆ ತಡೆ ಹೆಚ್ಚಿತು. ಕಸ ಎಂದುಕೊಂಡದ್ದು ಕೊರೆತವನ್ನು ತಡೆದಿದೆ ಎಂದಾಯಿತು.

ಹಾಗೆಂದು ತಾತನ ಮಾತು ಬಿದ್ದುಹೋಯಿತೇ? ಇಲ್ಲ. ಪ್ರಯೋಗಾಲಯದಲ್ಲಿ ನೀರು ಹಾಯಿಸಿದ್ದು ಕೊಳೆಯದ, ಗಟ್ಟಿ ನಾರಿನ ಮಣ್ಣಿನಲ್ಲಿ. ತಾತ ಕೇಳುತ್ತಿರುವುದು ಕೊಳೆತ ಮೇಲಿನ ಕಥೆಯನ್ನು. ತೆಂಗಿನ ನಾರಿನಲ್ಲಿ ಲಿಗ್ನಿನ್ ಹೆಚ್ಚಿರುವುದರಿಂದ ಸೆಣಬು, ಹುಲ್ಲುಗಳಿಗಿಂತ ಬಹಳ ನಿಧಾನವಾಗಿ ಕೊಳೆಯುತ್ತದೆ. ನಿಧಾನವಾಗಿಯಾದರೂ ಕೊಳೆಯುತ್ತದೆ. ಇಳಿಜಾರಿನ ಮೇಲೆ ಹಾಸುವ ನಾರಿನ ಚಾಪೆಗೆ ಇದು ದೋಷವೇ ಅಲ್ಲ. ಅದು ಕೊಳೆಯುವ ಹೊತ್ತಿಗೆ ಹುಲ್ಲಿನ ಬೇರು ಹಿಡಿದಿರುತ್ತದೆ. ಏರಿಯ ಒಡಲೊಳಗೆ, ನೀರಿನ ಕಡೆಯಲ್ಲಿ, ಬದಲಿಗೆ ಬರುವ ಬೇರು ಯಾವುದೂ ಇಲ್ಲ. ಪಾಲಿಪ್ರೊಪಿಲೀನ್ ಹೂತಿಟ್ಟರೆ ಕೊಳೆಯದು. ಆದರೆ ಕೆರೆಯ ಏರಿ ಸವೆದಂತೆ ಪ್ಲಾಸ್ಟಿಕ್ ಎಳೆ ನೀರಿಗೂ ಗದ್ದೆಗೂ ಸೇರುತ್ತದೆ. ನನ್ನ ಅಭಿಪ್ರಾಯದಲ್ಲಿ ಕೆರೆ ಏರಿಯ ಹೊರ ಇಳಿಜಾರಿಗೆ ತೆಂಗಿನ ನಾರನ್ನು ಪರೀಕ್ಷಿಸಿ ನೋಡುವುದು ಸರಿ, ನೀರಿನ ಕಡೆಗೆ ತಾತನ ಮಾತನ್ನು ಮೀರುವ ಕಾರಣ ಸದ್ಯಕ್ಕೆ ಇಲ್ಲ. ತರಗತಿಗೂ ಇದನ್ನೇ ಹೇಳಿದೆ. ಮನೆಗೆ ಹೋಗಿ ಹೇಳು ಎಂದೂ ಹುಡುಗನಿಗೆ ಹೇಳಿದೆ.

ಶಾಲೆಯ ಹಿತ್ತಲಿನ ಮೂರು ಏರಿಗಳು

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶಾಲೆಯ ಹಿಂದೆ ಮೂರು ಪುಟ್ಟ ಏರಿಗಳನ್ನು ಕಟ್ಟಿದೆವು. ಪ್ರತಿಯೊಂದೂ ಒಂದೂವರೆ ಮೀಟರ್ ಉದ್ದ, ಒಂದಡಿ ಎತ್ತರ. ಮೊದಲನೆಯದು ಟ್ರ್ಯಾಕ್ಟರಿನಿಂದ ಸುರಿದ ಕೆಂಪು ಮಣ್ಣನ್ನು ಹಾಗೆಯೇ ಪದರ ಹಾಕಿ ಕುಟ್ಟಿದ್ದು. ಎರಡನೆಯದು ಅದೇ ಮಣ್ಣನ್ನು ತೇವ ಮಾಡಿ, ಗುದ್ದಲಿಯಿಂದ ಹತ್ತು ಸಲ ಮಗುಚಿ ಕುಟ್ಟಿದ್ದು. ಮೂರನೆಯದು ಅಷ್ಟೇ ತೇವ, ಅಷ್ಟೇ ಮಗುಚುವಿಕೆ, ಜೊತೆಗೆ ಶೇ. 0.5ರಷ್ಟು ತೆಂಗಿನ ನಾರು. ಕುಟ್ಟುವ ಕಬ್ಬಿಣ ಒಂದೇ, ಪೆಟ್ಟಿನ ಎಣಿಕೆ ಒಂದೇ. ಎಣಿಸುವ ಕೆಲಸವನ್ನು ಗದ್ದಲ ಮಾಡುವ ಮೂವರಿಗೆ ಒಪ್ಪಿಸಿದೆ. ಅಷ್ಟು ಶಿಸ್ತಿನ ಎಣಿಕೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ನಾರನ್ನು ಊರಿನ ನಾರಿನ ಘಟಕದವರೇ ಕಟ್ಟು ಕಟ್ಟಿ ಕತ್ತರಿಸಿ ಕೊಟ್ಟರು. ಮಕ್ಕಳ ಕೈಗೆ ಮಚ್ಚು ಕೊಡುವ ಪ್ರಮೇಯ ಬರಬಾರದು.

ಸಾಂದ್ರತೆ ಅಳೆಯಲು ಎಂಜಿನಿಯರುಗಳು ಬಳಸುವ ಮರಳು ತುಂಬುವ ವಿಧಾನವನ್ನೇ ಸರಳ ಮಾಡಿಕೊಂಡೆವು. ಏರಿಯ ತಲೆಯಲ್ಲಿ ಒಂದು ಗುಂಡಿ ತೋಡಿ, ತೆಗೆದ ಮಣ್ಣನ್ನೆಲ್ಲ ತಕ್ಕಡಿಯಲ್ಲಿ ತೂಗುವುದು. ಅಳತೆಯ ಗೆರೆ ಹಾಕಿದ ಬಾಟಲಿಯಿಂದ ಒಣ ಮರಳನ್ನು ಗುಂಡಿಗೆ ಸಮನಾಗಿ ಸುರಿದು, ಎಷ್ಟು ಹಿಡಿಯಿತು ಎಂದು ನೋಡುವುದು. ಉದಾಹರಣೆಗೆ ತೆಗೆದ ಮಣ್ಣು 1,620 ಗ್ರಾಂ, ಹಿಡಿದ ಮರಳು 900 ಮಿ.ಲೀ. ಆದರೆ ಒದ್ದೆ ಸಾಂದ್ರತೆ 1.8. ತೇವಾಂಶ ಶೇ. 10 ಇದ್ದರೆ 1.8ನ್ನು 1.1ರಿಂದ ಭಾಗಿಸಬೇಕು, ಒಣ ಸಾಂದ್ರತೆ ಸುಮಾರು 1.64. ಆಕಾರವಿಲ್ಲದ ಗುಂಡಿಯ ಗಾತ್ರವನ್ನು ಹೀಗೆ ಕಂಡುಹಿಡಿಯಬಹುದು ಎಂಬುದೇ ಮಕ್ಕಳಿಗೆ ದೊಡ್ಡ ಬೆರಗು. ನಾರಿನ ಏರಿಯಲ್ಲಿ ಗುಂಡಿ ತೋಡುವಾಗ ನಾರು ಅಂಚಿನ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಅದನ್ನು ಎಳೆಯದೆ ಕತ್ತರಿಯಿಂದ ಕತ್ತರಿಸಬೇಕು, ಇಲ್ಲದಿದ್ದರೆ ಗುಂಡಿಯ ಗಾತ್ರ ಸುಳ್ಳಾಗುತ್ತದೆ.

ನಾರಿನ ಏರಿಯ ಸಾಂದ್ರತೆ ಎರಡನೆಯದಕ್ಕಿಂತ ತುಸು ಕಡಿಮೆಯೇ ಬಂತು. ಬಳಿಕ ಗಿಡಕ್ಕೆ ನೀರು ಹಾಕುವ ಝರಿಯಿಂದ ಮೂರಕ್ಕೂ ಹತ್ತು ಹತ್ತು ಸಲ ನೀರು ಹುಯ್ದೆವು. ಮೊದಲನೆಯದರಲ್ಲಿ ಆಳವಾದ ಕೊರಕಲು ಬಿದ್ದು ಒಂದು ಮೂಲೆ ಕುಸಿಯಿತು. ಮೂರನೆಯದರಲ್ಲಿ ಮೇಲಿನ ಮಣ್ಣು ಸ್ವಲ್ಪ ತೊಳೆದು ಹೋಗಿ, ಬಯಲಾದ ನಾರು ಉಳಿದದ್ದನ್ನು ಹಿಡಿದುಕೊಂಡಿತು. ಎಲ್ಲರನ್ನೂ ಅಚ್ಚರಿಗೊಳಿಸಿದ್ದು ಎರಡನೆಯದು. ನಾರಿಲ್ಲದಿದ್ದರೂ ಅದು ಮೂರನೆಯದಕ್ಕೆ ಬಹಳ ಹಿಂದೆ ಬೀಳಲಿಲ್ಲ. ಹದವಾದ ತೇವ, ಚೆನ್ನಾಗಿ ಮಗುಚಿದ ಮಣ್ಣು, ಎಣಿಸಿ ಹಾಕಿದ ಪೆಟ್ಟು, ಇವಿಷ್ಟೇ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡಿದ್ದವು. ಎರಡನೆಯ ಏರಿಯನ್ನು ಕಟ್ಟದೆ ಬಿಟ್ಟಿದ್ದರೆ ಗೆಲುವನ್ನೆಲ್ಲ ನಾರಿನ ಖಾತೆಗೆ ಬರೆಯುತ್ತಿದ್ದೆವು.

ಇದನ್ನು ಮಾಡಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು. ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಇದು ಮುಗಿಯದು. ಲೋಟದ ಪ್ರಯೋಗಕ್ಕೆ ಒಂದು ಅವಧಿ, ಲೆಕ್ಕಗಳಿಗೆ ಒಂದು, ಏರಿ ಕಟ್ಟಲು ಶನಿವಾರದ ಬೆಳಗು, ಅಳತೆಗೆ ಮತ್ತೊಂದು ಅವಧಿ ಬೇಕು. ಪಾಠಯೋಜನೆಯ ‘ನಿರೀಕ್ಷಿತ ಫಲಿತಾಂಶ’ ಅಂಕಣದಲ್ಲಿ ‘ನಾರಿನ ಏರಿ ಹೆಚ್ಚು ಬಲವಾಗಿರುತ್ತದೆ’ ಎಂದು ಮೊದಲೇ ಬರೆದಿಡಬೇಡಿ. ‘ಮೂರೂ ಏರಿಗಳ ಅಳತೆಯನ್ನು ಹೋಲಿಸಿ, ವ್ಯತ್ಯಾಸಕ್ಕೆ ಕಾರಣ ಹೇಳುವರು’ ಎಂದು ಬರೆದರೆ ಸಾಕು. ಮೌಲ್ಯಮಾಪನಕ್ಕೆ ನಾನು ಕೇಳಿದ ಪ್ರಶ್ನೆ ಒಂದೇ: ‘ಎರಡನೆಯ ಏರಿಯನ್ನು ಏಕೆ ಕಟ್ಟಿದೆವು?’ ಈ ಪ್ರಶ್ನೆಗೆ ಉತ್ತರ ಬರೆದವರಿಗೆ ಉಳಿದದ್ದನ್ನು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಏರಿಗಳನ್ನು ಕೆಡವಿಲ್ಲ. ನಾರು ಕೊಳೆಯುವ ಪ್ರಶ್ನೆಗೆ ಒಂದು ತಿಂಗಳ ಅಭ್ಯಾಸ ಬೋಧನೆಯಲ್ಲಿ ಉತ್ತರ ಸಿಗುವಂತಿಲ್ಲವಾದ್ದರಿಂದ, ಮುಂದಿನ ತಂಡದವರು ಅದೇ ಶಾಲೆಗೆ ಹೋದರೆ ಮಳೆಗಾಲ ಕಳೆದ ಮೇಲೆ ಮೂರನೆಯ ಏರಿಯಿಂದ ಒಂದು ಮುಷ್ಟಿ ನಾರು ತೆಗೆದು, ತೊಳೆದು, ಬಿಡಿ ಎಳೆಯೊಂದಕ್ಕೆ ತೂಕ ಕಟ್ಟಿ ಎಷ್ಟಕ್ಕೆ ಹರಿಯುತ್ತದೆ ಎಂದು ನೋಡಬಹುದು. ಹೋಲಿಕೆಗೆ ಹೂಳದ ನಾರಿನ ಒಂದು ಕಟ್ಟನ್ನು ವಿಜ್ಞಾನ ಕೊಠಡಿಯ ಬೀರುವಿನಲ್ಲಿ ಇಟ್ಟಿದ್ದೇವೆ. ಅಗೆಯುವಾಗ ಸುಣ್ಣ ಬಳಿದ ಕಲ್ಲಿರುವ ಕಡೆಯಿಂದ ಶುರು ಮಾಡಿ. ಇನ್ನೊಂದು ತುದಿಯಲ್ಲಿ ನಾವು ಈಗಾಗಲೇ ಗುಂಡಿ ತೋಡಿದ್ದೇವೆ.